ಗಟೂರಾದ ಕೆಂಪು ಗುರುತು

ಅಪೊಂಡಿ ಎಂಬ ಹೆಂಗಸು ನೈರೋಬಿ ನಗರದ ಕಟ್ಟಡ ತಪಾಸಣೆ ಕಚೇರಿಗೆ ಬಂದದ್ದು ಒಂದು ಬಾಗಿಲಿನ ದೂರು ಹೊತ್ತುಕೊಂಡು. ಗಟೂರಾದ ಬಾಡಿಗೆ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ತನ್ನ ಕೋಣೆಯಿದೆ, ಅದರ ಬಾಗಿಲು ಮುಚ್ಚುತ್ತಿಲ್ಲ, ಮಾಲೀಕನಿಗೆ ಹೇಳಿ ಹೇಳಿ ನಾಲಿಗೆ ಸವೆಯಿತು, ಬೆಳೆಯುವ ಹುಡುಗಿಯನ್ನಿಟ್ಟುಕೊಂಡು ಬಾಗಿಲಿಲ್ಲದ ಮನೆಯಲ್ಲಿ ಹೇಗಿರಲಿ ಎಂದು ಕಿಟಕಿಯ ಮುಂದೆ ನಿಂತು ಜೋರಾಗಿ ಕೇಳುತ್ತಿದ್ದಳು. ಅವಳ ಬಟ್ಟೆಯಿಂದ ಕರಿದ ಮೀನಿನ ವಾಸನೆ ಬರುತ್ತಿತ್ತು. ಗುಮಾಸ್ತರು ನಕ್ಕರು. ಬಾಗಿಲು ಕೆಟ್ಟರೆ ಬಡಗಿಯನ್ನು ಕರೆಯಬೇಕು, ಸರ್ಕಾರವನ್ನಲ್ಲ ಎಂದು ಒಬ್ಬ ಅಂದ. ಒಳಗಿನ ಮೇಜಿನಲ್ಲಿದ್ದ ಇನ್‌ಸ್ಪೆಕ್ಟರ್ ಕನೀನಿ ಮಾತ್ರ ಪೆನ್ನು ಕೆಳಗಿಟ್ಟು ಎದ್ದು ಬಂದಳು.

"ಮೊದಲು ಮುಚ್ತಿತ್ತಾ ಆ ಬಾಗಿಲು?"

"ಚೆನ್ನಾಗೇ ಮುಚ್ತಿತ್ತು ಮೇಡಂ. ಬಡಗಿ ಬಂದು ಎರಡು ಸಲ ಮೇಲಿಂದ ಕೆತ್ತಿ ಹೋದ. ಮತ್ತೆ ಹಿಡ್ಕೊಳತ್ತೆ. ಬಾಗಿಲು ಬೆಳೀತಾ ಇದೆ ಅಂತಾನೆ ನನ್ನ ಗಂಡ."

ಕನೀನಿ ನಗಲಿಲ್ಲ. ಬಾಗಿಲು ಬೆಳೆಯುವುದಿಲ್ಲ, ಚೌಕಟ್ಟು ಇಳಿಯುತ್ತದೆ. ಚೌಕಟ್ಟು ಇಳಿಯಬೇಕಾದರೆ ಅದರ ಕೆಳಗೆ ಇನ್ನೇನೋ ಇಳಿಯುತ್ತಿರಬೇಕು. ಮಾರನೆಯ ಬೆಳಿಗ್ಗೆಯೇ ಅವಳು ಗಟೂರಾಕ್ಕೆ ಹೊರಟಳು.

ಗಟೂರಾ ಇರುವುದು ನೈರೋಬಿಯ ಪೂರ್ವಕ್ಕೆ, ಹೊಳೆಯತ್ತ ಇಳಿಯುವ ಎರೆಮಣ್ಣಿನ ಇಳಿಜಾರಿನಲ್ಲಿ. ಮಳೆ ಬಂದರೆ ಉಬ್ಬಿ, ಬಿಸಿಲಿಗೆ ಬಾಯಿಬಿಡುವ ಮಣ್ಣು. ಅಂಥದ್ದರ ಮೇಲೆ ಆರು ಅಂತಸ್ತು ಎದ್ದಿತ್ತು, ನಕ್ಷೆಗೆ ಒಪ್ಪಿಗೆ ಸಿಕ್ಕಿದ್ದು ಮೂರಕ್ಕೆ. ಅದರಲ್ಲಿ ಬೆರಗೇನೂ ಇರಲಿಲ್ಲ. ಆ ಬೀದಿಯ ಕಟ್ಟಡಗಳೆಲ್ಲ ಹಾಗೆಯೇ. ಕನೀನಿಯನ್ನು ನಿಲ್ಲಿಸಿದ್ದು ಮೆಟ್ಟಿಲ ಹಿಂದಿನ ಪಿಲ್ಲರ್. ಬಾಡಿಗೆಯವರು ನೀರಿನ ಹಳದಿ ಕ್ಯಾನುಗಳನ್ನು ಪೇರಿಸಿಡುತ್ತಿದ್ದ ಜಾಗ ಅದು. ಕ್ಯಾನುಗಳನ್ನು ಸರಿಸಿ ನೋಡಿದರೆ ಗಾರೆ ಉದುರಿ, ಒಳಗಿನ ಕಂಬಿ ತುಕ್ಕು ಹಿಡಿದು ಹೊರಕ್ಕೆ ಬಾಗಿತ್ತು. ಕಿರುಬೆರಳಿಗಿಂತ ತೆಳು ಕಂಬಿ. ಪಿಲ್ಲರಿನ ಬುಡದಿಂದ ಹೊರಟ ಬಿರುಕು ಗೋಡೆಗುಂಟ ಮೇಲೇರಿ ಹೋಗಿತ್ತು. ಅದನ್ನು ಹಿಡಿದು ಮಹಡಿ ಹತ್ತಿದರೆ ನೇರ ಅಪೊಂಡಿಯ ಬಾಗಿಲಿಗೆ ಬಂದು ಮುಟ್ಟುತ್ತಿತ್ತು.

ಆ ದಿನ ಅಪೊಂಡಿ ಅವಳನ್ನು ಊಟ ಮಾಡದೆ ಕಳಿಸಲಿಲ್ಲ. ಗೇಟಿನ ಪಕ್ಕ ಅವಳ ಒಲೆ. ಒಳ್ಳೆಯ ಮಾಂಸವೆಲ್ಲ ವಿಮಾನ ಹತ್ತಿ ಪರದೇಶಕ್ಕೆ ಹೋದ ಮೇಲೆ ಉಳಿಯುವ ಮೀನಿನ ತಲೆ, ಬೆನ್ನೆಲುಬುಗಳನ್ನು ಕಾರ್ಖಾನೆಯಿಂದ ತಂದು ಗರಿಗರಿಯಾಗಿ ಕರಿದು ಮಾರುತ್ತಿದ್ದಳು. ಎಲುಬಿಗಂಟಿದ ಚೂರನ್ನು ಹೇಗೆ ಹೀರಬೇಕೆಂದು ಇನ್‌ಸ್ಪೆಕ್ಟರಿಗೆ ತೋರಿಸಿಕೊಟ್ಟಳು. ಗಂಡ ಒಡೆರೋ ರಾತ್ರಿ ಕಾವಲುಗಾರ. ಕೆಲಸ ಮುಗಿಸಿ ಬಂದವನು ಒಂದು ಮಾತೂ ಆಡದೆ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಮುದ್ದೆ ಮುರಿದು ತಿಂದು ಮಲಗಲು ಹೋದ. ಅವನ ತಾಯಿಗೆ ಸೊಂಟ ಬಿದ್ದು ನಡೆಯಲಾಗುತ್ತಿರಲಿಲ್ಲ. ಮಗಳು ಅವಿನೋ ಶಾಲೆಗೆ ಹೋಗಿದ್ದಳು. ಬಾಗಿಲು ಯಾವಾಗ ಸರಿಹೋಗುತ್ತದೆ ಎಂದು ಅಪೊಂಡಿ ಕೇಳಿದಾಗ ಕನೀನಿ ಎಲುಬು ಚೀಪುತ್ತಲೇ, ನೋಡೋಣ ಎಂದಳು.

ಕಟ್ಟಡದ ಮಾಲೀಕ ಗಿಟೊಂಗಾ ಮೂವತ್ತು ವರ್ಷ ಬಸ್ಸು ಓಡಿಸಿದವನು. ಕಚೇರಿಗೆ ಕರೆಸಿದಾಗ ಟೋಪಿ ಕೈಯಲ್ಲಿ ಹಿಡಿದುಕೊಂಡೇ ಬಂದ. ಅವನು ಲಂಚ ತಂದಿರಲಿಲ್ಲ. ತಂದಿದ್ದರೆ ಕನೀನಿಗೆ ಸುಲಭವಾಗುತ್ತಿತ್ತು. ಅವನು ತನ್ನ ಕಥೆ ಹೇಳಿದ. ದುಡಿದದ್ದನ್ನೆಲ್ಲ ಸುರಿದು ಒಂದೊಂದೇ ಅಂತಸ್ತು ಎಬ್ಬಿಸಿದ್ದು, ಕಂಬಿಯ ಬೆಲೆ ಏರಿದ ವರ್ಷ ಕಂಬಿ ತೆಳುವಾದದ್ದು, ಸಿಮೆಂಟಿನ ಬೆಲೆ ಏರಿದ ವರ್ಷ ಮರಳು ಹೆಚ್ಚಾದದ್ದು, ಯಾವುದನ್ನೂ ಮುಚ್ಚಿಡಲಿಲ್ಲ.

"ನಿಮ್ಮ ನಿಯಮದ ಪ್ರಕಾರ ಕಟ್ಟಿದ್ರೆ ಬಾಡಿಗೆ ಎಷ್ಟಿಡಬೇಕಾಗತ್ತೆ, ಯೋಚಿಸಿದೀಯಾ ಮಗಳೇ? ಅಷ್ಟು ಕೊಡೋ ಶಕ್ತಿ ಇರೋರು ಗಟೂರಾಕ್ಕೆ ಯಾಕೆ ಬರ್ತಾರೆ? ನಾನು ಕಟ್ಟಿದ್ದು ಇಲ್ಲಿರೋ ಜನಕ್ಕೆ."

"ಬಿದ್ರೆ ಸಾಯೋದೂ ಅದೇ ಜನ ತಾನೇ?"

"ಬಿದ್ದಿಲ್ವಲ್ಲ," ಎಂದ ಮುದುಕ.

ದುರಸ್ತಿಗೆ ದಾರಿ ಇರಲಿಲ್ಲವೆಂದಲ್ಲ. ಪಿಲ್ಲರುಗಳ ಸುತ್ತ ಹೊಸ ಕಂಬಿ ಕಟ್ಟಿ, ದಪ್ಪನೆಯ ಕಾಂಕ್ರೀಟಿನ ಕವಚ ಹಾಕಿ, ಮೇಲಿನ ಎರಡು ಅಂತಸ್ತು ಇಳಿಸಿದರೆ ಕಟ್ಟಡ ನಿಲ್ಲುತ್ತಿತ್ತು. ಅದಕ್ಕೆ ಆಗುವ ಖರ್ಚನ್ನು ಭರಿಸುವ ಶಕ್ತಿ ಮುದುಕನಿಗಿರಲಿಲ್ಲ. ಒಂದೊಂದೇ ಪಿಲ್ಲರ್ ಮಾಡಿಸುತ್ತೇನೆ, ಜನ ಒಳಗೇ ಇರಲಿ, ಬಾಡಿಗೆ ಬಂದ ಹಾಗೆ ಕೆಲಸ ಮುಂದುವರಿಯಲಿ, ಕೊಂಚ ಬಾಡಿಗೆ ಏರಿಸಿದರೆ ಸಾಗೀತು ಎಂದು ಅವನು ಬೇಡಿಕೊಂಡ. ಕನೀನಿ ಎರಡು ದಿನ ಅದನ್ನೇ ತಲೆಯಲ್ಲಿ ತಿರುವಿದಳು. ಬೇಸಿಗೆಯಾಗಿದ್ದರೆ ಒಪ್ಪುತ್ತಿದ್ದಳೋ ಏನೋ. ಆದರೆ ದೊಡ್ಡ ಮಳೆ ನೆತ್ತಿಯ ಮೇಲಿತ್ತು. ಹಿಂದಿನ ಮಳೆಗಾಲದಲ್ಲಿ ಪಕ್ಕದ ಬಡಾವಣೆಯ ಕಟ್ಟಡವೊಂದು ಹೀಗೆಯೇ ಕುಸಿದಾಗ ಅವಳನ್ನು ಅಲ್ಲಿಗೆ ಡ್ಯೂಟಿಗೆ ಹಾಕಿದ್ದರು. ಅವಶೇಷದಡಿಯಲ್ಲಿ ಒಂದು ಮೊಬೈಲು ದಿನವಿಡೀ ರಿಂಗಣಿಸುತ್ತಲೇ ಇದ್ದು ಕೊನೆಗೆ ನಿಂತದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ಅವಳು ಮುದುಕನಿಗೆ ಆಗುವುದಿಲ್ಲ ಎಂದಳು. ವಾರದೊಳಗೆ ಎಲ್ಲರೂ ಖಾಲಿ ಮಾಡಬೇಕು.

ಅಂಗಳದಲ್ಲಿ ಬಾಡಿಗೆಯವರನ್ನು ಸೇರಿಸಿ ಅವಳೇ ನಿಂತು ವಿಷಯ ತಿಳಿಸಿದಳು. ಬಿರುಕನ್ನು ತೋರಿಸಿದಳು. ಯಾರೂ ಕೂಗಾಡಲಿಲ್ಲ. ಬಿರುಕನ್ನು ಅವರೆಲ್ಲ ಅವಳಿಗಿಂತ ಮೊದಲೇ ನೋಡಿದ್ದರು. ಮಕ್ಕಳು ಅದರೊಳಗೆ ಪೆನ್ಸಿಲ್ ತುರುಕಿ ಆಡುತ್ತಿದ್ದವು. ಎಲ್ಲಿಗೆ ಹೋಗಬೇಕು ಎಂದು ಯಾರೋ ಕೇಳಿದರು. ಜನ ನಿಧಾನಕ್ಕೆ ಅಪೊಂಡಿಯತ್ತ ತಿರುಗಿದರು. ಬಾಗಿಲು ಸರಿಮಾಡಿಸಿಕೊಂಡು ಬಾ ಅಂದರೆ ನಮ್ಮನ್ನೆಲ್ಲ ಬೀದಿಪಾಲು ಮಾಡಿ ಬಂದಳು ಎಂದು ಕೆಳಮಹಡಿಯ ಹೆಂಗಸೊಬ್ಬಳು ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, ಹೇಳಿದಳು.

ಅಪೊಂಡಿಯ ಮುಖ ಕಪ್ಪಿಟ್ಟಿತು. ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಕೈ ಒರೆಸಿಕೊಂಡು ಮುಂದೆ ಬಂದಳು.

"ಮೇಡಂ, ನನ್ನ ತಲೆ ಮೇಲೆ ಗೋಡೆ ಬೀಳಬಾರದು ಅಂತ ನಿಮ್ಮ ಕಾನೂನಲ್ಲಿದೆ. ಒಳ್ಳೇದು. ತಲೆ ಮೇಲೆ ಗೋಡೆನೇ ಇಲ್ದೋರಿಗೆ ಏನಿದೆ ಅದ್ರಲ್ಲಿ? ಒಂದು ಸಾಲಾದ್ರೂ ಇದ್ರೆ ಓದಿ ಹೇಳಿ."

ಕನೀನಿಯ ಜೊತೆಗೆ ಬಂದಿದ್ದ ಆಳು ಗೇಟಿನ ಪಕ್ಕದ ಗೋಡೆಗೆ, ವಾಸಕ್ಕೆ ಯೋಗ್ಯವಲ್ಲ ಎಂದು, ಕೆಂಪು ಬಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಬಳಿದ. ಬಣ್ಣ ಇನ್ನೂ ಹಸಿಯಿರುವಾಗಲೇ ಅಪೊಂಡಿ ಅದರ ಕೆಳಗಿದ್ದ ತನ್ನ ಒಲೆಯನ್ನು ಎತ್ತಿ ಆಚೆ ಇಟ್ಟುಕೊಂಡಳು, ಎಣ್ಣೆಗೆ ಬಣ್ಣ ಬೀಳದ ಹಾಗೆ.

ಆ ವಾರವೆಲ್ಲ ಕನೀನಿ ಅಲೆದಳು. ಖಾಲಿ ಮಾಡಿಸಿದವರಿಗೆ ಏನಾದರೂ ನೆರವು ಉಂಟೇ ಎಂದು ಮೇಲಧಿಕಾರಿಯನ್ನು ಕೇಳಿದಳು. ಅಂಥ ಬಾಬತ್ತೇ ಇಲ್ಲ, ನಮ್ಮ ಕೆಲಸ ಕಟ್ಟಡದ್ದು, ಜನರದ್ದು ಬೇರೆ ಇಲಾಖೆ ಎಂದು ಆತ ಹೇಳಿದ. ಬೇರೆ ಇಲಾಖೆಯವರು, ಮನೆ ಬಿದ್ದವರಿಗಾದರೆ ಕಂಬಳಿ ಕೊಡಬಹುದು, ಬೀಳದೆ ಇದ್ದವರಿಗೆ ಹೇಗೆ ಕೊಡುವುದು ಎಂದರು. ತಾನೇ ಬೀದಿ ಬೀದಿ ತಿರುಗಿ, ಭದ್ರವಾಗಿದೆ ಎಂದು ತನಗೆ ನಂಬಿಕೆಯಿದ್ದ ಒಂದು ಕಟ್ಟಡದಲ್ಲಿ ಅಪೊಂಡಿಗೆ ಕೋಣೆ ಹುಡುಕಿದಳು. ಬಾಡಿಗೆ ಹತ್ತಿರ ಹತ್ತಿರ ಎರಡರಷ್ಟು. ಮೊದಲ ತಿಂಗಳದ್ದು ತಾನೇ ಕೊಡುತ್ತೇನೆ ಎಂದಳು. ಅಪೊಂಡಿ ಸಿಟ್ಟಾಗಲಿಲ್ಲ. ಎರಡನೇ ತಿಂಗಳು ಬರುವುದಿಲ್ಲವೇ ಎಂದು ಕೇಳಿದಳು, ಅಷ್ಟೆ. ಅಲ್ಲದೆ ತನ್ನ ಗಿರಾಕಿಗಳಿರುವುದು ಇಲ್ಲಿ, ಹುಡುಗಿಯ ಶಾಲೆಯಿರುವುದು ಇಲ್ಲಿ. ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡು ಊರಾಚೆ ಹೋಗಿ ಏನು ಮಾಡಲಿ ಎಂದಳು.

ಅವರು ಹೋದದ್ದು ಇಳಿಜಾರಿನ ತಳಕ್ಕೆ, ಹೊಳೆಯ ದಂಡೆಗೆ. ಅಲ್ಲಿ ತಗಡಿನ ಶೆಡ್ಡುಗಳ ಒಂದು ಸಾಲಿತ್ತು. ಆ ಕಟ್ಟಡ ಬಿಟ್ಟವರಲ್ಲಿ ಅರ್ಧಕ್ಕರ್ಧ ಜನ ಅಲ್ಲಿಯೇ ಜಾಗ ಹಿಡಿದರು. ಮೇಲೆ ಬೀಗ ಜಡಿದ ಆರಂತಸ್ತು, ಕೆಳಗೆ ಅವರು. ಕನೀನಿ ಮಳೆಯ ಮೊದಲ ವಾರದಲ್ಲಿ ಹೋಗಿ ನೋಡಿದಳು. ನೀರು ಆಗಲೇ ಕೆಂಪಾಗಿ ಶೆಡ್ಡಿನ ಹಿಂದೆಯೇ ಹರಿಯುತ್ತಿತ್ತು. ಇಲ್ಲಿರಬಾರದು, ಹೊಳೆ ಏರುತ್ತದೆ ಎಂದು ಹೇಳಿದಳು.

ಅಪೊಂಡಿ ಬಾಣಲೆಯಲ್ಲಿ ಮೀನು ತಿರುವುತ್ತ, "ಬಣ್ಣ ತಂದಿದೀರಾ?" ಎಂದು ಕೇಳಿದಳು. "ತಗಡಿಗೂ ಹಚ್ಚಿ ಹೋಗಿ. ಬೀಗ ಹಾಕೋಕೆ ಮಾತ್ರ ಆಗಲ್ಲ ನೋಡಿ, ಇದಕ್ಕೆ ಬಾಗಿಲೇ ಇಲ್ಲ."

ಸುತ್ತಲಿದ್ದವರು ನಕ್ಕರು. ಕನೀನಿಗೂ ನಗು ಬಂತು. ತಗಡಿನ ಶೆಡ್ಡು ಅವಳ ಕಚೇರಿಯ ಪ್ರಕಾರ ಕಟ್ಟಡವೇ ಅಲ್ಲ. ಅದಕ್ಕೆ ನಕ್ಷೆಯಿಲ್ಲ, ಪಾಯವಿಲ್ಲ, ನಿಯಮವಿಲ್ಲ. ಅಲ್ಲಿ ಯಾರಾದರೂ ಸತ್ತರೆ ಅವಳನ್ನು ಯಾರೂ ಕೇಳುವಂತಿರಲಿಲ್ಲ. ಹೊರಡುವಾಗ ಅಪೊಂಡಿ ಒಂದು ಮೀನಿನ ತಲೆಯನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ.

ಹೊಳೆ ಏರಿದ್ದು ಒಂದು ಮಧ್ಯಾಹ್ನ. ಗಟೂರಾದಲ್ಲಿ ಆಗ ಹನಿ ಮಳೆಯೂ ಇರಲಿಲ್ಲ. ಮೇಲೆ ಎಲ್ಲೋ, ಚಹಾ ತೋಟಗಳ ಕಡೆ ಸುರಿದದ್ದು ಒಮ್ಮೆಲೇ ಇಳಿದು ಬಂತು. ಜನ ಮೇಲಕ್ಕೆ ಓಡಿದರು. ಒಡೆರೋ ದೂರದ ಗೋದಾಮಿನಲ್ಲಿ ಯಾರದ್ದೋ ಬದಲಿಗೆ ಹಗಲು ಕಾವಲಿಗೆ ಹೋಗಿದ್ದ. ಅಪೊಂಡಿ ಶಾಲೆಯಿಂದ ಬರುತ್ತಿದ್ದ ಮಗಳನ್ನು ದಾರಿಯಲ್ಲೇ ಹಿಡಿದು ಮೇಲಿನ ಬೀದಿಗೆ ಅಟ್ಟಿದಳು. ಆಮೇಲೆ ಅತ್ತೆಗಾಗಿ ಕೆಳಗೆ ಹೋದಳು. ಮುದುಕಿಯನ್ನು ಬೆನ್ನಿಗೆ ಹಾಕಿಕೊಂಡು ಅವಳು ಶೆಡ್ಡಿನಿಂದ ಹೊರಬಂದದ್ದನ್ನು ನೋಡಿದವರಿದ್ದಾರೆ. ನೀರು ಆಗ ಮೊಣಕಾಲಿಗಿತ್ತು, ಹತ್ತಿ ಬರುತ್ತಾಳೆಂದೇ ಅಂದುಕೊಂಡಿದ್ದರು. ಅಷ್ಟರಲ್ಲಿ ಹೊಳೆಯ ಮೇಲ್ಗಡೆಯ ಶೆಡ್ಡೊಂದು ಕಿತ್ತುಕೊಂಡು ತಗಡುಗಳ ಸಮೇತ ಅವರ ಮೇಲೆ ಬಂತು. ಇಬ್ಬರೂ ಮಾರನೆಯ ದಿನ ಸಂಜೆ ಕೆಳಗಿನ ಸೇತುವೆಯ ಹತ್ತಿರ ಸಿಕ್ಕರು. ಮುದುಕಿಯನ್ನು ಬೆನ್ನಿಗೆ ಕಟ್ಟಿಕೊಂಡ ಬಟ್ಟೆಯ ಗಂಟು ಬಿಚ್ಚಿರಲಿಲ್ಲ.

ಹೊಳೆ ಏರಿದ ಆ ಸಂಜೆ, ದಂಡೆಯಿಂದ ಬದುಕಿ ಬಂದವರಿಗೆ ಹತ್ತಿರದಲ್ಲಿದ್ದ ಗಟ್ಟಿ ಜಾಗ ಒಂದೇ. ಅವರು ಬೀಗ ಒಡೆದು ಕೆಂಪು ಗುರುತಿನ ಕಟ್ಟಡದೊಳಕ್ಕೆ ನುಗ್ಗಿದರು. ತಮ್ಮ ತಮ್ಮ ಹಳೆಯ ಕೋಣೆಗಳಿಗೇ ಹೋಗಿ ಮೈ ಒಣಗಿಸಿಕೊಂಡರು. ನೀರು ನೆಲಮಹಡಿಗೆ ಬಂದು ಪಿಲ್ಲರುಗಳ ಬುಡ ಸುತ್ತಿಕೊಂಡು ನಿಂತಿತು. ಕಟ್ಟಡ ಅಲುಗಲಿಲ್ಲ. ಮೇಲಿನ ಮಹಡಿಗಳಲ್ಲಿ ಮಕ್ಕಳು ಮಲಗಿ ನಿದ್ದೆ ಮಾಡಿದವು.

ಕನೀನಿ ಬಂದಾಗ ಬೆಳಗಾಗಿತ್ತು. ಗಿಟೊಂಗಾ ಗೇಟಿನಲ್ಲಿ ಕಾಲುಮುಳುಗುವ ಕೆಸರಲ್ಲಿ ನಿಂತಿದ್ದ. ಅವನು ಅವಳನ್ನು ಬೈಯಲಿಲ್ಲ. "ನನ್ನ ಕಟ್ಟಡ ಕೊಲ್ಲತ್ತೆ ಅಂತ ನೀನು ಅಂದಿದ್ದೆ ಮಗಳೇ," ಎಂದ. "ಹೋಗಿ ನೋಡು ಒಳಗೆ." ಟೋಪಿಯಿಂದ ಮುಖ ಮುಚ್ಚಿಕೊಂಡ.

ಒಳಗೆ ಹೋದ ಅವಳು ಮೊದಲು ನೋಡಿದ್ದು ಮೆಟ್ಟಿಲ ಹಿಂದಿನ ಪಿಲ್ಲರನ್ನೇ. ಬಿರುಕು ಅಗಲವಾಗಿತ್ತು, ಈಗ ಅದರೊಳಗೆ ಕೈಬೆರಳು ಹೋಗುತ್ತಿತ್ತು. ಬುಡದ ಮಣ್ಣು ಅಂಬಲಿಯಂತಾಗಿತ್ತು. ನಾಲ್ಕನೇ ಮಹಡಿಯಲ್ಲಿ, ಮುಚ್ಚದ ಬಾಗಿಲಿನ ಕೋಣೆಯಲ್ಲಿ, ಒಡೆರೋ ಗೋಡೆಗೊರಗಿ ಕೂತಿದ್ದ. ಅವನ ತೊಡೆಯ ಮೇಲೆ ಅವಿನೋ ಶಾಲೆಯ ಅಂಗಿಯಲ್ಲೇ ಮಲಗಿದ್ದಳು. ಆ ಹೊತ್ತಿಗೆ ಹೆಣಗಳು ಇನ್ನೂ ಸಿಕ್ಕಿರಲಿಲ್ಲ.

ಈ ಜನರನ್ನು ಅವಳು ಎರಡನೆಯ ಸಲ ಹೊರಗೆ ಹಾಕಬೇಕಿತ್ತು. ಹೇಳದೆ ಹೋಗಿಬಿಡಬಹುದು ಎಂದು ಒಂದು ಕ್ಷಣ ಅನ್ನಿಸಿತು. ಬಿದ್ದರೆ ಬೀಳಲಿ, ನಿಂತರೆ ನಿಲ್ಲಲಿ, ಇಷ್ಟಕ್ಕೂ ನಿನ್ನೆ ನಿಂತಿತಲ್ಲ. ಅವಳು ಒಡೆರೋನ ಎದುರು ನೆಲದ ಮೇಲೆ ಕೂತಳು. ಕಟ್ಟಡದ ಬುಡ ನೆನೆದಿದೆ, ಬಿಸಿಲು ಬಿದ್ದು ಮಣ್ಣು ಎಳೆದುಕೊಳ್ಳುವಾಗ ಅಪಾಯ ಹೆಚ್ಚು, ಇಳಿಯಬೇಕು ಎಂದು ಮೆಲ್ಲಗೆ ಹೇಳಿದಳು. ಅವನು ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಎದ್ದ. ಅವನು ಎದ್ದದ್ದನ್ನು ನೋಡಿ ಉಳಿದವರೂ ಎದ್ದರು. ಹೆಂಡತಿ ತಾಯಿ ಇಬ್ಬರನ್ನೂ ಕಳೆದುಕೊಂಡವನೇ ಇಳಿಯುತ್ತಿರುವಾಗ ಯಾರು ತಾನೇ ಏನು ಅನ್ನುವುದು.

ಈ ಸಲ ಅವಳು ಅವರನ್ನು ಬೀದಿಯಲ್ಲಿ ಬಿಡಲಿಲ್ಲ. ಬಡಾವಣೆಯ ಸಮುದಾಯ ಭವನಕ್ಕೆ ಕರೆದುಕೊಂಡು ಹೋದಳು. ಬೀಗದ ಕೈ ಇದ್ದವನು ಮೇಲಿನವರ ಅನುಮತಿ ಬೇಕೆಂದ. ಕನೀನಿ ಅವನ ಎದುರಿಗೇ ಕಲ್ಲು ತೆಗೆದುಕೊಂಡು ಬೀಗ ಒಡೆದಳು. ಅದಕ್ಕಾಗಿ ಕಚೇರಿಯಲ್ಲಿ ಅವಳಿಗೆ ಛೀಮಾರಿ ಬಿತ್ತು, ಬಹಳ ತಿಂಗಳು ಹೊರಗಿನ ತಪಾಸಣೆಗೆ ಕಳಿಸದೆ ಮೂಲೆಯಲ್ಲಿ ಕೂರಿಸಿದರು. ಅವಳಿಗದು ಶಿಕ್ಷೆ ಅನ್ನಿಸಲೇ ಇಲ್ಲ. ಮೊದಲ ಸಲವೇ ಯಾಕೆ ಒಡೆಯಲಿಲ್ಲ ಎನ್ನುವುದೊಂದೇ ಅವಳನ್ನು ಕೊರೆಯುತ್ತಿತ್ತು. ಭವನ ಆಗಲೂ ಅಲ್ಲಿಯೇ ಖಾಲಿ ಬಿದ್ದಿತ್ತು.

ಹೆಣಗಳನ್ನು ಒಡೆರೋನ ಊರಿಗೆ, ಪಶ್ಚಿಮದ ದೊಡ್ಡ ಸರೋವರದ ಸೀಮೆಗೆ, ಒಯ್ದು ಹಿತ್ತಲಲ್ಲೇ ಮಣ್ಣು ಮಾಡಿದರು. ಗಟೂರಾದ ಜನ ಚಂದಾ ಎತ್ತಿ ಬಸ್ಸು ಮಾಡಿದರು. ಕನೀನಿ ಅವರ ಬಸ್ಸು ಹತ್ತುವ ಧೈರ್ಯ ಮಾಡದೆ ಬೇರೆ ಬಸ್ಸಿನಲ್ಲಿ ಒಬ್ಬಳೇ ಹೋದಳು. ಹೋಗಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕತ್ತಾಳೆ ಬೇಲಿಯ ಹೊರಗೆ ಬಹಳ ಹೊತ್ತು ನಿಂತಿದ್ದಳು. ಒಳಗೆ ಹೆಂಗಸರು ಹಾಡಿ ಅಳುತ್ತಿದ್ದರು. ಒಡೆರೋನ ಅಣ್ಣ ಅವಳನ್ನು ಕಂಡು ಒಳಗೆ ಕರೆದು, ಶಾಮಿಯಾನದಡಿ ಕುರ್ಚಿ ಹಾಕಿಸಿ, ಇವರು ಯಾರು ಎಂದು ತಮ್ಮನನ್ನು ಕೇಳಿದ.

ಅಲ್ಲಿದ್ದ ಗಟೂರಾದವರೆಲ್ಲ ಒಡೆರೋನತ್ತ ತಿರುಗಿದರು. ಕನೀನಿ ಎದ್ದು ನಿಂತಳು.

ಒಡೆರೋ ಅವಳ ಕಡೆ ನೋಡಲಿಲ್ಲ. "ನಮ್ಮ ಬಿಲ್ಡಿಂಗ್‌ನವರು," ಎಂದ.

ಅಣ್ಣ ತಲೆದೂಗಿ ಅವಳಿಗೆ ಚಹಾ ತರಿಸಿಕೊಟ್ಟ. ಎರಡು ಗುಂಡಿಗಳು ಅಕ್ಕಪಕ್ಕದಲ್ಲಿದ್ದವು. ಅವಿನೋಳ ಕೈಯಲ್ಲಿ ಯಾರೋ ಹಿಡಿ ಮಣ್ಣಿಟ್ಟರು. ಅವಳು ಅದನ್ನು ಹಾಕದೆ ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತಳು. ಕೊನೆಗೆ ಬೆರಳು ಬಿಡಿಸಬೇಕಾಯಿತು.

ಗಿಟೊಂಗಾ ಆ ವರ್ಷವೇ ಕಟ್ಟಡವನ್ನು ಸಿಕ್ಕ ಬೆಲೆಗೆ ಮಾರಿ ಬೆಟ್ಟದ ಕಡೆಯ ತನ್ನ ಹಳ್ಳಿಗೆ ಹೋದ. ಕೊಂಡವನು ಉಳ್ಳವನು. ಮೇಲಿನೆರಡು ಅಂತಸ್ತು ಇಳಿಸಿ, ಉಳಿದ ನಾಲ್ಕಕ್ಕೆ ಹೊಸ ನಕ್ಷೆಯ ಒಪ್ಪಿಗೆ ಪಡೆದು, ಪಿಲ್ಲರುಗಳಿಗೆಲ್ಲ ಕವಚ ಹಾಕಿಸಿ, ಪಾಯ ಬಲಪಡಿಸಿ, ನಿಯಮದಲ್ಲಿ ಇದ್ದುದನ್ನೆಲ್ಲ ಮಾಡಿಸಿದ. ಅಷ್ಟರಲ್ಲಿ ಮತ್ತೆ ಹೊರಗಿನ ತಪಾಸಣೆಗೆ ಹಾಕಿದ್ದರಿಂದ ಕನೀನಿಯೇ ಆ ಕೆಲಸವನ್ನು ಮೊದಲಿಂದ ಹೋಗಿ ನೋಡಬೇಕಾಯಿತು. ಕವಚ ಹಾಕುವ ಮುನ್ನ ಹಳೆಯ ಪಿಲ್ಲರಿನ ಮೈ ಒಡೆದಾಗ ಒಳಗೆ ಜಲ್ಲಿಯ ಬದಲು ಹೊಳೆಯ ಉರುಟುಕಲ್ಲುಗಳಿದ್ದವು. ಕಂಬಿ ಕೈಯಲ್ಲೇ ಪುಡಿಯಾಗುತ್ತಿತ್ತು. ಕೆಲಸದ ಎಂಜಿನಿಯರು, ಇದು ಇಷ್ಟು ದಿನ ಹೇಗೆ ನಿಂತಿತ್ತೋ ದೇವರಿಗೇ ಗೊತ್ತು ಎಂದ. ಅವಳು ಎಲ್ಲವನ್ನೂ ಮುಟ್ಟಿ, ತಟ್ಟಿ, ಅಳೆದು, ವಾಸಕ್ಕೆ ಯೋಗ್ಯ ಎಂದು ಸಹಿ ಹಾಕಿದಳು. ಕೆಂಪು ಗುರುತನ್ನು ಕೆರೆದು ಕೆನೆಬಣ್ಣ ಹೊಡೆದರು. ಬಾಡಿಗೆಗೆ ಬಂದವರು ಬ್ಯಾಂಕಿನ ಗುಮಾಸ್ತರು, ನರ್ಸುಗಳು, ಒಬ್ಬ ಮೇಷ್ಟ್ರು. ಹಳಬರಲ್ಲಿ ಒಬ್ಬರೂ ಬರಲಿಲ್ಲ. ಬಾಡಿಗೆ ಎಷ್ಟೆಂದು ಕೇಳಲು ಬಂದವರೂ ಇಲ್ಲ.

ಒಡೆರೋ ಅವಿನೋಳನ್ನು ಅಣ್ಣನ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಮರಳಿದ್ದ. ಹೊಳೆಯ ಇನ್ನೊಂದು ಮಗ್ಗುಲಿಗೆ ಎಲ್ಲೋ ತಗಡಿನ ಕೋಣೆಯೊಂದರಲ್ಲಿ ಇದ್ದಾನೆಂದು ಸುದ್ದಿಯಿತ್ತು. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಕಾವಲುಗಾರನ ನೀಲಿ ಕೋಟು ತೊಟ್ಟು ನಿಂತಿದ್ದವನು ಅವಳಿಗೆ ಎದುರಾದ. ಕನೀನಿ ಮಗಳು ಹೇಗಿದ್ದಾಳೆ ಎಂದು ಕೇಳಿದಳು. ಓದುತ್ತಿದ್ದಾಳೆ ಎಂದ. ಅವನ ಬಸ್ಸು ದೂರದಲ್ಲಿ ಕಾಣಿಸಿದ ಮೇಲೆ ಅವನೇ ಮಾತೆತ್ತಿದ.

"ಒಂದು ಕೇಳ್ಬೇಕಿತ್ತು ಮೇಡಂ. ಆ ಬಿಲ್ಡಿಂಗ್ ನಿಜವಾಗ್ಲೂ ಬೀಳ್ತಿತ್ತಾ?"

ಏನು ಹೇಳಿದರೆ ಅವನಿಗೆ ಹಗುರಾದೀತು ಎಂದು ಅವಳಿಗೆ ತಿಳಿಯಲಿಲ್ಲ. "ಬೀಳ್ತಿತ್ತು," ಎಂದಳು. "ಪಿಲ್ಲರ್ ಒಡೆಸಿದಾಗ ನಾನೇ ನೋಡಿದೆ."

"ಯಾವಾಗ?"

"ಅದು ಗೊತ್ತಿಲ್ಲ ಒಡೆರೋ. ಆ ಮಳೆಗಾಲದಲ್ಲೇ ಬೀಳಬಹುದಿತ್ತು. ಇನ್ನೊಂದೆರಡು ವರ್ಷ ನಿಲ್ಲಲೂಬಹುದಿತ್ತು."

ಬಸ್ಸು ಬಂದು ಜನ ನುಗ್ಗತೊಡಗಿದರು.

"ಅವಳಿದ್ದಿದ್ರೆ ನಿಮ್ಮನ್ನ ಚೆನ್ನಾಗಿ ಬೈದಿರೋಳು," ಎಂದ. "ನಂಗೆ ಬೈಯೋಕೆ ಬರಲ್ಲ."

ಅವನು ಹತ್ತಿದ ಮೇಲೆ ಬಸ್ಸು ಹೊರಟಿತು. ಕನೀನಿಯ ಬಸ್ಸು ಬಂದಿರಲಿಲ್ಲ. ಅವಳು ಅಲ್ಲಿಯೇ ಕಟ್ಟೆಯ ಮೇಲೆ ಕೂತು, ಯಾರ ಪರಿವೆಯೂ ಇಲ್ಲದೆ ಅತ್ತಳು. ಪಕ್ಕದಲ್ಲಿ ಜೋಳ ಸುಟ್ಟು ಮಾರುತ್ತಿದ್ದ ಹೆಂಗಸು ಏನಾಯಿತೆಂದು ಕೇಳಲಿಲ್ಲ, ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು.